ಕೊಸರು ಕೊಟ್ಟ ತಪ್ಪಿಗೆ

ಹಣ್ಣು ತರಕಾರಿ ಉತ್ತೇಜನ ಯೋಜನೆಯ ಅಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಟಿ. ದಾಸರಹಳ್ಳಿಯ ತರಕಾರಿ ಪಿಳ್ಳಮ್ಮನ ಪರವಾನಗಿಯನ್ನು ತಾವು ರದ್ದು ಮಾಡಿದ್ದೀರಿ. ತೂಕದಲ್ಲಿ ಹೊಡೆದಳೆಂದಲ್ಲ, ಕೊಳೆತದ್ದನ್ನು ಮಾರಿದಳೆಂದಲ್ಲ. ಕೂಪನ್ ತೆಗೆದುಕೊಂಡು ಬೀನ್ಸು ತೂಗಿ ಕೊಟ್ಟ ಮೇಲೆ, ಒಂದು ಹಿಡಿ ಹಸಿಮೆಣಸಿನಕಾಯಿ, ಒಂದೆರಡು ಎಸಳು ಕರಿಬೇವು, ಒಂದಿಷ್ಟು ಕೊತ್ತಂಬರಿ ಸೊಪ್ಪನ್ನು ಕೊಸರು ಹಾಕಿದಳು ಎಂಬ ತಪ್ಪಿಗೆ. ಕಡಿಮೆ ಕೊಟ್ಟು ಸಿಕ್ಕಿಬಿದ್ದವರನ್ನು ನಾವು ನೋಡಿದ್ದೇವೆ. ಕಡಿಮೆ ಕೊಟ್ಟೂ ಸಿಕ್ಕಿಬೀಳದವರನ್ನು ದಿನಾ ನೋಡುತ್ತಿದ್ದೇವೆ. ಹೆಚ್ಚು ಕೊಟ್ಟು ದಂಡನೆಗೆ ಗುರಿಯಾದವಳನ್ನು ನೋಡುವ ಭಾಗ್ಯ ತಮ್ಮಿಂದಾಗಿ ಒದಗಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದಕ್ಕೆ ಮೊಹರು ಒತ್ತಿ ಆದೇಶ ಹೊರಡಿಸಬಹುದೆಂದು ಮಾತ್ರ ಗೊತ್ತಿರಲಿಲ್ಲ.

ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಕಚೇರಿಗೆ ಹೋಗಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಇನ್ನೊಮ್ಮೆ ಹೋದಾಗ ಸಾಹೇಬರು ಈಗತಾನೇ ಹೊರಟರು ಎಂದರು. ಶಿಫ್ಟಿಗೆ ರಜೆ ಹಾಕಿ ಬರುವವಳಿಗೆ ಮೂರನೆಯ ಸಲ ಬರುವ ಯೋಗ್ಯತೆ ಇರುವುದಿಲ್ಲ. ಪತ್ರಿಕೆಯನ್ನಾದರೂ ತಾವು ಕಾಫಿಯ ಜೊತೆಗೆ ಓದುತ್ತೀರಿ ಎಂದು ನಂಬಿದ್ದೇನೆ.

ನಾನು ಪೀಣ್ಯದ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ಕೆಲಸ ಮಾಡುತ್ತೇನೆ. ನಮ್ಮದು ಹರಿಹರದ ಕಡೆಯ ಊರು. ಯಜಮಾನರು ಸಿದ್ದಲಿಂಗಯ್ಯ, ಅದೇ ಪೀಣ್ಯದಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತೇ ದಿನ ಕಳೆಯುವವರು. ದಾಸರಹಳ್ಳಿಯ ವೆಂಕಟೇಶಪ್ಪನವರ ವಠಾರದಲ್ಲಿ ಬಾಡಿಗೆಗಿದ್ದೇವೆ. ಪಿಯುಸಿ ಓದಿದ್ದೇನೆ ಎಂಬ ಕಾರಣಕ್ಕೆ ವಠಾರದವರೆಲ್ಲ ಅರ್ಜಿ ಬರೆಸಲು ನನ್ನ ಬಾಗಿಲಿಗೇ ಬರುತ್ತಾರೆ. ನಮಗೆ ಸ್ಫೂರ್ತಿ ಎಂಬ ಮಗಳಿದ್ದಾಳೆ, ಮೂರನೇ ತರಗತಿ. ಕಳೆದ ವರ್ಷ ಶಾಲೆಯ ಪ್ರಾರ್ಥನೆಯಲ್ಲಿ ನಿಂತಲ್ಲೇ ಕುಸಿದುಬಿದ್ದಳು. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತಾನೇ ಇಲ್ವಲ್ಲಮ್ಮ ಮಗೂಗೆ. ಸೊಪ್ಪು, ಹಣ್ಣು ತಿನ್ನಿಸ್ತೀರೋ ಇಲ್ವೋ?" ಎಂದರು. ನನಗೆ ನಾಚಿಕೆಯಾಯಿತು. ಬಾಡಿಗೆ, ಅಕ್ಕಿ, ಸೀಮೆಎಣ್ಣೆ ಎಲ್ಲ ಕಳೆದ ಮೇಲೆ ಉಳಿದುದರಲ್ಲಿ ಹಣ್ಣು ಎಂಬುದು ನಮ್ಮ ಮನೆಗೆ ಹಬ್ಬಕ್ಕೋ ಕಾಯಿಲೆಗೋ ಬರುವ ನೆಂಟನಾಗಿತ್ತು ಎಂದು ಆ ಡಾಕ್ಟರಿಗೆ ಹೇಗೆ ಹೇಳಲಿ?

ಆದ್ದರಿಂದ ತಮ್ಮ ಯೋಜನೆಯನ್ನು ಬೈಯಲು ನಾನು ಕುಳಿತಿಲ್ಲ. ಬಡವರ ಮನೆಗೆ ಹಣ್ಣು ತರಕಾರಿ ಸೇರಲೆಂದು ಸರ್ಕಾರ ಸಹಾಯಧನದ ಕೂಪನ್ ಹಂಚುತ್ತದೆ ಎಂದಾಗ ಮನಸಾರೆ ಹರಸಿದವರಲ್ಲಿ ನಾನೂ ಒಬ್ಬಳು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಆ ಕೂಪನ್ನು ನಡೆಯುತ್ತಿದ್ದುದು ಜಾಲಹಳ್ಳಿಯಲ್ಲಿರುವ ತಮ್ಮ ಮಳಿಗೆಯಲ್ಲಿ ಮಾತ್ರ. ನಾವು ಶೆಡ್ಡಿನೊಳಗೆ ಹೋದ ಮೇಲೆ ಅದರ ಬಾಗಿಲು ತೆರೆಯುತ್ತಿತ್ತು, ನಾವು ಹೊರಗೆ ಬರುವಷ್ಟರಲ್ಲಿ ಮುಚ್ಚಿರುತ್ತಿತ್ತು. ಬಡವರು ಕೆಲಸಕ್ಕೆ ಹೋಗುವುದಿಲ್ಲ, ಅದಕ್ಕೇ ಬಡವರಾಗಿದ್ದಾರೆ ಎಂದು ಯಾರೋ ತಿಳಿದವರು ಆ ಹೊತ್ತು ಗೊತ್ತು ಮಾಡಿರಬೇಕು. ಒಂದು ಭಾನುವಾರ ಬಸ್ಸು ಹತ್ತಿ ಹೋದೆವು. ಭಾನುವಾರ ರಜೆ. ರಜೆ ಹಾಕಿ ಹೋದ ದಿನ ಒಳಗೆ ಹೂಕೋಸು, ದಪ್ಪ ಮೆಣಸಿನಕಾಯಿ, ಮೇಣ ಹಚ್ಚಿದಂತೆ ಹೊಳೆಯುವ ಸೇಬು ಇದ್ದವು. ಸೊಪ್ಪು ಇಲ್ಲವೇ ಎಂದು ಕೇಳಿದೆ. ಸೊಪ್ಪು ಬಾಡುತ್ತದೆ, ಹಾಗಾಗಿ ಇಡುವುದಿಲ್ಲ ಎಂದರು. ಗೋಡೆಯ ಮೇಲೆ ಮಾತ್ರ ಹಸಿರು ಸೊಪ್ಪಿನ ಚಿತ್ರ ತೂಗುಹಾಕಿ, 'ದಿನವೂ ಸೇವಿಸಿರಿ' ಎಂದು ಬರೆದಿದ್ದರು. ಚಿತ್ರ ಬಾಡುವುದಿಲ್ಲವಲ್ಲ.

ನಾವೆಲ್ಲ ಸೇರಿ ಅರ್ಜಿ ಹಾಕಿದೆವು. ತಮಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರು ಪುಣ್ಯಾತ್ಮರು. ಬೀದಿಯ ವ್ಯಾಪಾರಿಗಳಲ್ಲಿ ಕೆಲವರಿಗೆ ಕೂಪನ್ ತೆಗೆದುಕೊಳ್ಳುವ ಪರವಾನಗಿ ಕೊಟ್ಟರು. ಹಾಗೆ ಪಿಳ್ಳಮ್ಮನಿಗೂ ಒಂದು ತಗಡಿನ ಬೋರ್ಡು ಬಂತು.

ಪಿಳ್ಳಮ್ಮನನ್ನು ತಾವು ನೋಡಿಲ್ಲ, ಆಕೆಯ ಫೈಲನ್ನು ಮಾತ್ರ ನೋಡಿದ್ದೀರಿ. ತುಮಕೂರು ರಸ್ತೆಯಿಂದ ನಮ್ಮ ವಠಾರದ ಕಡೆಗೆ ತಿರುಗುವಲ್ಲಿ, ಎಸ್‌ಟಿಡಿ ಬೂತಿನ ಪಕ್ಕದಲ್ಲಿ ಗೋಣಿತಾಟು ಹಾಸಿ ಕೂರುತ್ತಾಳೆ. ಹಳೇ ಊರಿನವಳು, ಈಗಿನ ಕಾರ್ಖಾನೆಗಳ ಜಾಗದಲ್ಲಿ ರಾಗಿ ಬೆಳೆದ ಮನೆಯವಳು. ಸಾಧು ಹೆಂಗಸು ಎಂದು ತಪ್ಪು ತಿಳಿಯಬೇಡಿ. ಬಾಯಿ ಬಲು ಜೋರು. ಬದನೆಕಾಯಿ ಒತ್ತಿ ನೋಡಿದರೆ, "ನಿನ್ ಗಂಡನ್ನ ಇಂಗೇ ಒತ್ತಿ ನೋಡಿ ಮದ್ವೆ ಆದಾ?" ಎನ್ನುತ್ತಾಳೆ. ಚೌಕಾಸಿ ಮಾಡಿದರೆ ಬೈಯುತ್ತಾಳೆ, ಮಾಡದಿದ್ದರೆ ಸೊಕ್ಕು ಎಂದು ಇನ್ನೂ ಹೆಚ್ಚು ಬೈಯುತ್ತಾಳೆ. ಕೊಸರನ್ನು ಕೂಡ ನಗುತ್ತಾ ಕೊಟ್ಟವಳಲ್ಲ, ಗೊಣಗಿಕೊಂಡೇ ಚೀಲದೊಳಕ್ಕೆ ಎಸೆಯುತ್ತಾಳೆ. ಆಕೆಯ ಕೈಲಿ ಬೈಸಿಕೊಳ್ಳದೆ ಮನೆಗೆ ಹೋದರೆ ಸಾರಿಗೆ ಉಪ್ಪು ಹಾಕಲು ಮರೆತ ಹಾಗಿರುತ್ತದೆ.

ಬೋರ್ಡು ಬಂದ ಹೊಸತರಲ್ಲಿ ಒಂದು ವಿಚಿತ್ರ ನಡೆಯಿತು, ಅದನ್ನು ತಾವು ಸ್ವಲ್ಪ ಗಮನವಿಟ್ಟು ಓದಬೇಕು. ಕೂಪನ್ ಹಿಡಿದು ಹೋದ ನಾವು ಯಾರೂ ಬಾಯಿ ಬಿಡಲಿಲ್ಲ. ಆರಿಸಲಿಲ್ಲ, ಚೌಕಾಸಿ ಮಾಡಲಿಲ್ಲ, ಆಕೆ ಹಾಕಿದ್ದನ್ನು ಹಾಕಿಸಿಕೊಂಡು ತಲೆ ತಗ್ಗಿಸಿ ಹೊರಟೆವು. ಮೊನ್ನೆ ಮೊನ್ನೆಯವರೆಗೆ ಒಂದು ಟೊಮೇಟೊಗಾಗಿ ಆಕೆಯ ಜೊತೆ ಜಗಳವಾಡಿದವರೇ ನಾವು. ಕೈಯಲ್ಲಿ ಸರ್ಕಾರದ ಚೀಟಿ ಇದ್ದ ಕೂಡಲೇ ಧರ್ಮಕ್ಕೆ ಪಡೆಯುವವರ ಹಾಗೆ ಆಗಿಬಿಟ್ಟಿದ್ದೆವು. ಅಕ್ಕಪಕ್ಕ ಕಾಸು ಕೊಟ್ಟು ಕೊಳ್ಳುವವರು ನಿಂತಿರುತ್ತಿದ್ದರು, ಅವರ ಮುಂದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂಪನ್ ಕೊಡುತ್ತಿದ್ದೆವು. ಮೂರು ನಾಲ್ಕು ದಿನ ನೋಡಿದ ಪಿಳ್ಳಮ್ಮನಿಗೆ ತಡೆಯಲಾಗಲಿಲ್ಲ.

"ಏನ್ರವ್ವಾ, ಎಲ್ರಿಗೂ ಬಾಯಿ ಬಿದ್ದೋಗೈತಾ? ಕೊಸರು ಕೇಳಾಕಿಲ್ವಾ?" ಎಂದು ನನ್ನನ್ನೇ ಹಿಡಿದು ನಿಲ್ಲಿಸಿದಳು.

"ಸರ್ಕಾರದ ಕೂಪನ್ ಅಲ್ವಾ ಪಿಳ್ಳಮ್ಮ, ಹೇಗೆ ಕೇಳೋದು?" ಎಂದೆ.

"ಚೀಟಿ ಸರ್ಕಾರದ್ದು, ಕೊಸರು ನಂದು. ಕೇಳು ಅಂದ್ರೆ ಕೇಳು. ಕೇಳ್ದೆ ಕೊಟ್ರೆ ಅದು ಭಿಕ್ಸೆ ಆಯ್ತದೆ. ನಾನೇನ್ ಮಠ ಮಡಗಿದೀನಾ ಇಲ್ಲಿ?"

ನಾನು ಕೇಳಿದೆ. ಆಕೆ, "ಇವಳದ್ದೊಂದು ಕಾಟ" ಎಂದು ಬೈದುಕೊಂಡು ಮೆಣಸಿನಕಾಯಿ, ಕರಿಬೇವು ಎಸೆದಳು. ಹಿಂದೆ ನಿಂತಿದ್ದ ನಮ್ಮ ವಠಾರದ ಶ್ಯಾಮಲಾ, "ನಂಗೂ ಹಾಕು, ನಾನೇನ್ ಪಾಪ ಮಾಡಿದ್ದೆ?" ಎಂದಳು. ಅಂದಿನಿಂದ ನಾವು ಮತ್ತೆ ಆರಿಸಿದೆವು, ಜಗಳ ಮಾಡಿದೆವು, ಬೈಸಿಕೊಂಡೆವು. ತಮ್ಮ ಮಳಿಗೆಯಲ್ಲಿ ನಾನು ಫಲಾನುಭವಿ. ಪಿಳ್ಳಮ್ಮನ ಮುಂದೆ ನಾನು ಗಿರಾಕಿ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ಎಂದೂ ಫಲಾನುಭವಿಯಾಗದ ತಮಗೆ ತಿಳಿಯುವುದು ಕಷ್ಟ.

ಇನ್ನು ಆ ಕೊಸರಿನಿಂದ ನಮ್ಮ ಅಡುಗೆಮನೆಯಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಈರುಳ್ಳಿ ಮುಟ್ಟಿದರೆ ಕೈ ಸುಡುತ್ತಿರುವ ಈ ವರ್ಷ ಒಗ್ಗರಣೆಗೆ ಕರಿಬೇವೇ ಗತಿ. ದಂಟಿನ ಸೊಪ್ಪು ಬೇಯಿಸಿ, ಬಸಿದ ನೀರಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿ ಅರೆದು ಹಾಕಿ ಬಸ್ಸಾರು ಮಾಡಿದರೆ ನನ್ನ ಮಗಳು ಮುದ್ದೆ ಮುರಿದು ಉಣ್ಣುತ್ತಾಳೆ. ಅದೇ ಸೊಪ್ಪನ್ನು ಬರೀ ಬೇಯಿಸಿ ತಟ್ಟೆಗಿಟ್ಟರೆ ಮೂತಿ ತಿರುಗಿಸುತ್ತಾಳೆ. ಪಿಳ್ಳಮ್ಮ ಕೂಪನ್ನಿಗೆ ಸೀಬೆಹಣ್ಣು, ನುಗ್ಗೆಸೊಪ್ಪು, ಕಾಲಕ್ಕೆ ತಕ್ಕ ಹಣ್ಣು ಎಲ್ಲ ಕೊಟ್ಟಳು. ಮೊನ್ನೆ ಅದೇ ಡಾಕ್ಟರು ಅದೇ ರೆಪ್ಪೆ ಎಳೆದು ನೋಡಿ, "ಪರವಾಗಿಲ್ಲ, ಇನ್ನೂ ಸ್ವಲ್ಪ ದಿನ ಹೀಗೇ ನಡೆಸಿ" ಎಂದರು. ಇನ್ನೂ ಸ್ವಲ್ಪ ದಿನ. ಅಷ್ಟರಲ್ಲಿ ತಮ್ಮ ತನಿಖೆ ಬಂತು.

ತಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಗಿರಾಕಿಯ ವೇಷದಲ್ಲಿ ಬಂದರು. ನಾನು ಅಲ್ಲೇ ಸೊಪ್ಪು ಆರಿಸುತ್ತಿದ್ದೆ. ಷರ್ಟನ್ನು ಪ್ಯಾಂಟಿನಿಂದ ಹೊರಗೆ ಬಿಟ್ಟುಕೊಂಡಿದ್ದರೂ ಜೇಬಿನಲ್ಲಿ ಸಾಲಾಗಿ ಪೆನ್ನುಗಳಿದ್ದವು, ಯಾರಿಗೂ ಅನುಮಾನ ಬರಲಿಲ್ಲ ಎಂದು ಅವರೊಬ್ಬರೇ ತಿಳಿದಿದ್ದರು. ಕೂಪನ್ ಕೊಟ್ಟು ಬೀನ್ಸು ಕೇಳಿದರು. ಪಿಳ್ಳಮ್ಮ ತೂಗಿ ಹಾಕಿ, ಹೊಸಬನೆಂದು ಕನಿಕರವೋ ಏನೋ, ಕೇಳದಿದ್ದರೂ, ಬೈಯದೆಯೇ ಕೊಸರು ಎಸೆದಳು.

"ಇದೇನಮ್ಮ?"

"ಕೊಸರು ಕಣಪ್ಪಾ."

"ಇದಕ್ಕೆ ಕೂಪನ್ ಕೊಟ್ಟಿಲ್ವಲ್ಲ ನಾನು?"

"ಕೊಸರಿಗೆ ಯಾವನಾರಾ ಚೀಟಿ ಈಸ್ಕತಾನಾ? ಯಾವೂರಪ್ಪಾ ನಿಂದು?"

ಸಾಹೇಬರು ತಮ್ಮ ಊರು ಹೇಳಲಿಲ್ಲ, ಗುರುತಿನ ಚೀಟಿ ತೆಗೆದರು. ಬೀನ್ಸನ್ನು ಪಕ್ಕದ ದಿನಸಿ ಅಂಗಡಿಗೆ ಒಯ್ದು ಬೇರೆ ತಕ್ಕಡಿಯಲ್ಲಿ ತೂಗಿಸಿದರು. ತೂಕ ಸರಿಯಾಗಿತ್ತು. ಆ ಮಾತನ್ನು ತಮ್ಮ ಆದೇಶದಲ್ಲೇ ಬರೆದಿದ್ದೀರಿ. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ, ಇಲ್ಲಿ ಇಲಿಯೂ ಸಿಗಲಿಲ್ಲ. ಬರಿಗೈಯಲ್ಲಿ ವಾಪಸಾದರೆ ತನಿಖೆಗೆ ಮರ್ಯಾದೆ ಇಲ್ಲವಲ್ಲ, ಅದಕ್ಕೆ ಕರಿಬೇವಿನ ಎಸಳನ್ನು ಹಿಡಿದುಕೊಂಡು ಹೋದರು.

ತಮ್ಮ ಆದೇಶದ ಭಾಷೆ ಓದಿ ನಾನು ಬೆರಗಾದೆ. 'ಕೂಪನ್ ಮೌಲ್ಯಕ್ಕೆ ಮೀರಿದ ಪದಾರ್ಥಗಳನ್ನು ಉಚಿತವಾಗಿ ನೀಡಿ ಫಲಾನುಭವಿಗಳಿಗೆ ಆಮಿಷ ಒಡ್ಡಿರುವುದು ಸಾಬೀತಾಗಿದೆ.' ಕರಿಬೇವು ಆಮಿಷವೇ? ಯಾರಾದರೂ ಕರಿಬೇವಿನ ಆಸೆಗೆ ಬಿದ್ದು ಮನೆಮಠ ಕಳೆದುಕೊಂಡದ್ದನ್ನು ತಾವು ಕಂಡಿದ್ದೀರಾ? ಎರಡನೆಯ ಆರೋಪ ಇನ್ನೂ ಸೊಗಸು. ಕೊತ್ತಂಬರಿಯೂ ಕರಿಬೇವೂ ಸಾಂಬಾರ ಪದಾರ್ಥಗಳು, ತರಕಾರಿಯಲ್ಲ, ಆದ್ದರಿಂದ ಯೋಜನೆಯ ಅಡಿಯಲ್ಲಿ ಅವುಗಳ ವಿತರಣೆ ನಿಯಮಬಾಹಿರ. ಸ್ವಾಮಿ, ತಮ್ಮ ಮನೆಯವರು ತರಕಾರಿ ಕೊಂಡ ಮೇಲೆ ಕೊಸರು ಕೇಳುವುದಿಲ್ಲವೇ? ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಕಾರಿನಿಂದ ಇಳಿದ ಹೆಂಗಸರು ಒಂದು ಕಡ್ಡಿ ಕೊತ್ತಂಬರಿಗಾಗಿ ವಾದ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಕೇಳಿದರೆ ಜಾಣತನ, ನಾವು ಪಡೆದರೆ ಆಮಿಷ. ನಮಗೆ ಸಿಗಬೇಕಾದುದು ಅಳತೆಗೆ ಸರಿಯಾಗಿ ಇರಬೇಕು, ಒಂದು ಎಲೆಯೂ ಹೆಚ್ಚಾಗಬಾರದು ಎಂದು ತಾವು ಇಷ್ಟು ಕಷ್ಟಪಟ್ಟು ಕಾಯುತ್ತಿರುವುದು ಯಾರ ಒಳಿತಿಗಾಗಿ?

ಇಷ್ಟಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆನೋ ಏನೋ. ಹೋದ ವಾರ ಅದೇ ಇನ್‌ಸ್ಪೆಕ್ಟರ್ ವಠಾರಕ್ಕೆ ಬಂದರು. ಪಿಳ್ಳಮ್ಮ ಮೇಲ್ಮನವಿ ಸಲ್ಲಿಸಿದ್ದಾಳೆ, ಅದಕ್ಕೆ ಕಚೇರಿಯ ಬಳಿ ಸಾಕ್ಷಿ ಇರಬೇಕಂತೆ. ಟೈಪು ಮಾಡಿದ ಹೇಳಿಕೆಗಳನ್ನು ತಂದಿದ್ದರು. 'ಸದರಿ ವ್ಯಾಪಾರಿಯು ಕೊಸರಿನ ಆಮಿಷ ತೋರಿಸಿ, ನಾವು ಸರ್ಕಾರಿ ಮಳಿಗೆಗೆ ಹೋಗದಂತೆ ತಡೆದು, ತನ್ನಲ್ಲೇ ಕೊಳ್ಳುವಂತೆ ಮಾಡಿರುತ್ತಾಳೆ.' ಕೆಳಗೆ ನಮ್ಮ ನಮ್ಮ ಹೆಸರು, ಸಹಿಗೆ ಖಾಲಿ ಜಾಗ.

"ಇದು ಸುಳ್ಳಲ್ವಾ ಸಾರ್?" ಎಂದೆ.

"ನೋಡಮ್ಮ, ಇದೆಲ್ಲ ಫಾರ್ಮಾಲಿಟಿ ಅಷ್ಟೇ. ಸೈನ್ ಹಾಕ್ಬಿಡಿ, ಮುಂದಿನ ತಿಂಗಳಿಂದ ನಿಮ್ಮ ಕೂಪನ್ ಕಂಟಿನ್ಯೂ ಆಗುತ್ತೆ."

"ಹಾಕದಿದ್ರೆ?"

"ಹಾಕದಿದ್ರೆ ನೀವೂ ಅವಳ ಜೊತೆ ಶಾಮೀಲು ಅಂತ ಬರೀಬೇಕಾಗುತ್ತೆ. ಆಮೇಲೆ ನಂಗೆ ಹೇಳ್ಬೇಡಿ."

ಉಳಿದವರೆಲ್ಲ ಸಹಿ ಹಾಕಿದರು. ಶ್ಯಾಮಲಾ ಹಾಕಿದಳು, ಹಾಕಿ ಒಳಗೆ ಹೋಗಿ ಅತ್ತಳು. ಅವಳಿಗೆ ಮೂರು ಮಕ್ಕಳು, ಅವಳ ಮೇಲೆ ನನಗೆ ಕೋಪವಿಲ್ಲ. ನಮ್ಮವರು ರಾತ್ರಿ ಊಟಕ್ಕೆ ಕುಳಿತಾಗ, "ಹಾಕಿಬಿಡು. ದೊಡ್ಡೋರ ಜೊತೆ ನಮಗ್ಯಾಕ್ ಬೇಕು? ಮಗಳ ಮುಖ ನೋಡು" ಎಂದರು. ಮಗಳ ಮುಖ ನೋಡಿದೆ. ಕೆನ್ನೆಗೆ ಈಗೀಗ ಸ್ವಲ್ಪ ಕಳೆ ಬಂದಿದೆ. ಹಾಕಿಬಿಡೋಣ ಎಂದೇ ನನಗೂ ಅನ್ನಿಸಿತು. ಹಾಗೆ ಅನ್ನಿಸಲಿಲ್ಲ ಎಂದು ಇಲ್ಲಿ ಬರೆದರೆ ಅದೂ ತಮ್ಮ ಹೇಳಿಕೆಯಷ್ಟೇ ಸುಳ್ಳಾಗುತ್ತದೆ.

ಮರುದಿನ ಸಂಜೆ ಪಿಳ್ಳಮ್ಮನೇ ನಮ್ಮ ಬಾಗಿಲಿಗೆ ಬಂದಳು. ವಠಾರದ ಒಳಗೆ ಆಕೆ ಎಂದೂ ಕಾಲಿಟ್ಟವಳಲ್ಲ. ಕೂರು ಎಂದರೆ ಕೂರಲಿಲ್ಲ.

"ನೀನೊಬ್ಳೇ ಸಹಿ ಆಕಿಲ್ವಂತೆ? ಆಕ್ಬಿಡವ್ವಾ. ಮಗೀಗೆ ಅಣ್ಣು ತಪ್ಪಬಾರ್ದು. ನಂದೇನು, ಕಾಸಿನ ಗಿರಾಕಿಗಳು ಇಲ್ವಾ? ಎಂಗೋ ಆಯ್ತದೆ."

ಹೇಗೂ ಆಗುವುದಿಲ್ಲ ಎಂದು ನನಗೆ ಗೊತ್ತು. ಕೂಪನ್ನಿನವರು ಬಿಟ್ಟುಹೋದ ಮೇಲೆ ಆಕೆಯ ಬುಟ್ಟಿಯಲ್ಲಿ ಅರ್ಧಕ್ಕರ್ಧ ಸೊಪ್ಪು ಬಾಡಿ ಹಸುವಿನ ಬಾಯಿಗೆ ಬೀಳುತ್ತಿದೆ. ದಿನಾ ಬೈಯುವ ಆ ಬಾಯಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಕೆಯ ಮೇಲಲ್ಲ, ತಮ್ಮ ಮೇಲೆ. ಆಕೆಯ ಅನ್ನ ಕಿತ್ತದ್ದು ಸಾಲದೆಂದು, ತನ್ನ ವಿರುದ್ಧ ಸುಳ್ಳು ಹೇಳಿ ಎಂದು ಆಕೆಯೇ ಮನೆಬಾಗಿಲಿಗೆ ಬಂದು ಬೇಡುವ ಹಾಗೆ ಮಾಡಿದಿರಲ್ಲ? "ನೀನು ಸುಮ್ನೆ ಹೋಗು ಪಿಳ್ಳಮ್ಮ, ನಾನು ಹಾಕಲ್ಲ" ಎಂದೆ. "ಓದಿದೋರ್ಗೆ ಬುದ್ಧಿ ಕಮ್ಮಿ" ಎಂದು ಬೈದು ಹೋದಳು. ಬೈದದ್ದು ಕೇಳಿ ಸಮಾಧಾನವಾಯಿತು.

ಮಾನ್ಯರೇ, ಈಗ ಒಂದೇ ಪ್ರಶ್ನೆ. ಏನನ್ನೂ ಬಯಸದೆ ಒಂದು ಹಿಡಿ ಮೆಣಸಿನಕಾಯಿ ಎಸೆದವಳು ಆಮಿಷ ಒಡ್ಡಿದಳೆಂದು ತಾವು ತೀರ್ಮಾನಿಸಿದ್ದೀರಿ. ಸುಳ್ಳಿಗೆ ಸಹಿ ಹಾಕಿದರೆ ಮಗುವಿನ ಹಣ್ಣು ಮುಂದುವರಿಯುತ್ತದೆ, ಹಾಕದಿದ್ದರೆ ನಿಲ್ಲುತ್ತದೆ ಎಂದು ಹೇಳಿ ಕಳಿಸಿದ ತಮ್ಮ ಕಚೇರಿ ಒಡ್ಡಿದ್ದಕ್ಕೆ ಏನೆಂದು ಹೆಸರು? ತಮ್ಮ ನಿಯಮಾವಳಿಯಲ್ಲಿ ಅದಕ್ಕೆ ಬೇರೆ ಪದವಿದ್ದರೆ ತಿಳಿಸಿ, ಕಲಿತುಕೊಳ್ಳುತ್ತೇನೆ. ಆ ಕೂಪನ್ನಿನ ಹಣ ತಮ್ಮ ಸ್ವಂತದ್ದಲ್ಲ. ನಾವು ಕೊಳ್ಳುವ ಬೆಂಕಿಪೊಟ್ಟಣದ ತೆರಿಗೆಯೂ ಅದರಲ್ಲಿ ಸೇರಿದೆ. ನಮ್ಮದನ್ನೇ ನಮಗೆ ತೋರಿಸಿ, ನಮ್ಮವಳ ಮೇಲೆ ನಮ್ಮಿಂದಲೇ ದೂರು ಬರೆಸಿಕೊಳ್ಳುವ ಅಧಿಕಾರ ತಮಗೆ ಯಾರು ಕೊಟ್ಟರು?

ಪಿಳ್ಳಮ್ಮನ ಪರವಾನಗಿಯನ್ನು ಹಿಂದಿರುಗಿಸಿ. ಕಿತ್ತೊಯ್ದ ತಗಡಿನ ಬೋರ್ಡನ್ನು ತಮ್ಮವರೇ ತಂದು ಅದೇ ಜಾಗದಲ್ಲಿ ನಿಲ್ಲಿಸಲಿ. ಹೆದರಿಸಿ ಬರೆಸಿಕೊಂಡ ಹೇಳಿಕೆಗಳನ್ನು ಹರಿದು ಹಾಕಿ, ಆ ಹೆಂಗಸರು ಮತ್ತೆ ಆಕೆಯ ಮುಖ ನೋಡುವಂತಾಗಲಿ. ಕೃಪೆ ಎಂದು ನಾನು ಬೇಡುತ್ತಿಲ್ಲ, ಆಗಲೇಬೇಕು ಎನ್ನುತ್ತಿದ್ದೇನೆ. ಇದಾಗುವವರೆಗೆ ನಮ್ಮ ಮನೆಯ ಕೂಪನ್ ನಮಗೆ ಬೇಡ. ಈ ಮಾತನ್ನು ಸಲೀಸಾಗಿ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಸ್ಫೂರ್ತಿಗೆ ದಿನಾ ಸಿಗುತ್ತಿದ್ದ ಹಣ್ಣು ಇನ್ನು ವಾರಕ್ಕೊಮ್ಮೆ ಸಿಕ್ಕರೆ ಪುಣ್ಯ. ಅವಳಿಗೆ ಮತ್ತೆ ತಲೆ ಸುತ್ತಿದರೆ ಆ ಪಾಪದಲ್ಲಿ ನನ್ನದೂ ಪಾಲಿದೆ, ತಮ್ಮದೂ ಇದೆ. ಆದರೆ ಬೇರೆಯವಳ ಬಾಯಿಗೆ ಮಣ್ಣು ಹಾಕಿ ತಂದ ಹಣ್ಣನ್ನು ಅವಳ ಬಾಯಿಗಿಡಲು ನನ್ನಿಂದಾಗದು. ಇವತ್ತು ಸಂಜೆ ಶಿಫ್ಟು ಬಿಟ್ಟ ಮೇಲೆ ಕೈಲಿದ್ದ ಕಾಸಿಗೆ ಒಂದು ಕಟ್ಟು ಸೊಪ್ಪು ಕೊಂಡೆ, ಎಲ್ಲರಿಗೂ ಕೇಳುವ ಹಾಗೆ ಕೊಸರು ಕೇಳಿದೆ, ಬೈಸಿಕೊಂಡೆ, ಮನೆಗೆ ತಂದೆ. ನಾಳೆಯೂ ಕೇಳುತ್ತೇನೆ. ಇನ್‌ಸ್ಪೆಕ್ಟರ್ ಸಾಹೇಬರಿಗೆ ಬಿಡುವಿದ್ದರೆ ಬಂದು ಬರೆದುಕೊಳ್ಳಲಿ.

ತಮ್ಮ ಟೈಪು ಮಾಡಿದ ಹೇಳಿಕೆ ಇನ್ನೂ ನನ್ನ ಹತ್ತಿರವೇ ಇದೆ, ಸಹಿಯ ಜಾಗ ಖಾಲಿಯಾಗಿಯೇ ಇದೆ. ನನ್ನ ಸಹಿ ಬೇಕೇಬೇಕು ಎಂದಿರಲ್ಲ, ಕೊಡುತ್ತಿದ್ದೇನೆ. ನಾನು ಕಂಡದ್ದನ್ನು ಕಂಡಂತೆ ಬರೆದ ಈ ಕಾಗದದ ಕೆಳಗೆ.

ಇಂತಿ,
ಶಿವಲಿಂಗಮ್ಮ
ಮಾಜಿ ಫಲಾನುಭವಿ, ಹಾಲಿ ಗಿರಾಕಿ
ಟಿ. ದಾಸರಹಳ್ಳಿ